ಕಲ್ಲೋಳಿಯಿಂದ ಕಲ್ಲೋಳಿಗೆ

ಕಲ್ಲೋಳಿಯಲ್ಲಿ ಸರಕಾರದ ಬಸ್ ತಂಗುದಾಣ ಒಂದಿದೆ. ಅದರ ಹಣೆಯ ಮೇಲೆ ಕಟ್ಟಿಸಿದವರ, ಕಟ್ಟಲು ಹೇಳಿದವರ, ಉದ್ಘಾಟನೆಗೆ ಬಂದವರ ಹೆಸರುಗಳೆಲ್ಲ ದಪ್ಪ ಅಕ್ಷರದಲ್ಲಿವೆ. ಹೆಸರಿಗೇ ಗೋಡೆ ಖರ್ಚಾಗಿದ್ದರಿಂದ ಕೂರುವ ಕಟ್ಟೆಗೆ ಜಾಗ ಉಳಿದಿಲ್ಲ. ಹೀಗಾಗಿ ಅಲ್ಲಿ ಬಸ್ಸಿಗಾಗಿ ಕಾಯುವುದು ಆಡುಗಳು. ಮನುಷ್ಯರು ಕಾಯುವುದು ಅಲ್ಲಿಂದ ಒಂದು ಕೂಗಳತೆ ಈಚೆಗೆ, ಶಿದ್ಲಿಂಗಪ್ಪನ ಹಿಟ್ಟಿನ ಗಿರಣಿಯ ತಗಡಿನ ನೆರಳಿನಲ್ಲಿ. ಬಸ್ಸೂ ಅಲ್ಲೇ ನಿಲ್ಲುತ್ತದೆ. ಆಡುಗಳನ್ನು ಹತ್ತಿಸಿಕೊಳ್ಳಬೇಕೆಂದು ಡ್ರೈವರುಗಳಿಗೆ ಇನ್ನೂ ಆದೇಶ ಬಂದಿಲ್ಲ.

ಶಿದ್ಲಿಂಗಪ್ಪನಿಗೆ ಅರವತ್ತು ಹತ್ತಿರ ಬಂದಿದೆ. ತಲೆ ಎಂದೋ ನೆರೆತಿರಬೇಕು. ಹಿಟ್ಟಿನ ಕೆಳಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಸ್ಸಿಗೆ ನಿಂತವರು ಅವನನ್ನು ಕೇಳುತ್ತಾರೆ: "ಕಾಕಾ, ಗೋಕಾಕ ಗಾಡಿ ಹೋತೇನ್ರಿ?" ಅವನು ಬೆಲ್ಟಿನ ಮೇಲಿಂದ ಕಣ್ಣೆತ್ತದೆ, "ಬರ್ತೈತಿ, ನಿಂದ್ರು" ಅನ್ನುತ್ತಾನೆ. ಈ ಮಾತು ಇಷ್ಟು ವರ್ಷದಲ್ಲಿ ಒಮ್ಮೆಯೂ ಸುಳ್ಳಾಗಿಲ್ಲ. ನಿಂತೇ ಇದ್ದರೆ ಯಾವುದೋ ಒಂದು ಗಾಡಿ ಬಂದೇ ಬರುತ್ತದೆ. ಈ ಒಂದು ಪಾಂಡಿತ್ಯಕ್ಕಾಗಿ ಊರು ಅವನಿಗೆ ಕಂಟ್ರೋಲರ್ ಎಂಬ ಪದವಿ ಕೊಟ್ಟಿದೆ. ಕಂಟ್ರೋಲರ್ ಸಾಹೇಬರು ಸ್ವತಃ ಬಸ್ಸು ಹತ್ತುವುದು ಮಾತ್ರ ಅಪರೂಪ. ಗಿರಣಿ ಬಿಟ್ಟು ಹೋಗಲಾಗುವುದಿಲ್ಲ, ಬೆಲ್ಟು ಹರಿದಾಗ ಗೋಕಾಕಕ್ಕೆ ಹೋಗಿಬಂದರೆ ಅದೇ ದೇಶಸಂಚಾರ. ಹುಕ್ಕೇರಿಯನ್ನು ಅವನು ನೋಡಿದ್ದು ಒಂದೇ ಸಲ, ಮಗ ಯಲ್ಲಾಲಿಂಗನಿಗೆ ಹೆಣ್ಣು ಕೇಳಲು, ಅದೂ ಪಕ್ಕದ ಮನೆಯವರ ಜೀಪಿನಲ್ಲಿ.

ಆ ಒಂದೇ ಭೇಟಿಯಲ್ಲಿ ಅವನು ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡು ಬಂದ.

ಹುಡುಗಿ ಪೂನಮ್ ಹುಕ್ಕೇರಿಯ ಖಾಸಗಿ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಮದುವೆಯಾದರೂ ಕೆಲಸ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಅವಳ ತಂದೆ ರಾಯಪ್ಪ ಚಹದ ಕಪ್ಪು-ಬಸಿ ಮುಂದೆ ಸರಿಸುತ್ತ ಕೇಳಿದ: "ಅಲ್ರಿ ಬೀಗರ, ಹುಡಿಗಿ ಕಲ್ಲೋಳಿಂದ ದಿನಾ ಇಲ್ಲಿಗೆ ಹೆಂಗ ಬರಬೇಕ್ರಿ?"

ಬೀಗ ಎಂದು ಕರೆಸಿಕೊಂಡ ಸಂತೋಷದಲ್ಲಿ ಶಿದ್ಲಿಂಗಪ್ಪನ ನಾಲಗೆಯ ಬ್ರೇಕು ಸಡಿಲಾಯಿತು. "ಅದೇನ್ ಚಿಂತಿ ಮಾಡಬ್ಯಾಡ್ರಿ. ಮೂಡಲಗಿ, ಕಲ್ಲೋಳಿ, ಗೋಕಾಕ, ಹುಕ್ಕೇರಿ, ನೇರ ಗಾಡಿ ಮಂಜೂರ ಆಗೇತಿ. ಇವತ್ತ ನಾಳಿ ಅನ್ನೂದರಾಗ ಬರ್ತೈತಿ."

ಇದು ಸುಳ್ಳೆಂದು ಹೇಳುವಂತಿಲ್ಲ. ಹಿಂದಿನ ವಾರವಷ್ಟೇ ಒಂದು ಸಭೆಯಲ್ಲಿ ಯಾರೋ ವೇದಿಕೆಯ ಮೇಲಿಂದ ಹಾಗೆಂದಿದ್ದರು, ಜನ ಚಪ್ಪಾಳೆ ಹೊಡೆದಿದ್ದರು. ಚಪ್ಪಾಳೆ ಬಿದ್ದದ್ದನ್ನೆಲ್ಲ ಮಂಜೂರಾತಿ ಎಂದು ನಂಬುವುದು ನಮ್ಮ ತಾಲೂಕುಗಳ ಹಳೆಯ ಕಾಯಿಲೆ. ಇದಕ್ಕೆ ಪೂನಮ್ ಕೂಡ ರಕ್ತ ಪರೀಕ್ಷೆ ಮಾಡಿ ಔಷಧ ಹೇಳಲಾರಳು.

ಮದುವೆಯಾಯಿತು. ಎರಡು ಯುಗಾದಿ ಕಳೆದವು. ಬಸ್ಸು ಬರಲಿಲ್ಲ. ಪೂನಮ್ ನಸುಕಿನಲ್ಲಿ ಡಬ್ಬಿ ಹಿಡಿದು ಹೊರಟು, ಗೋಕಾಕದಲ್ಲಿ ಇಳಿದು, ಘಟಪ್ರಭಾದಲ್ಲಿ ಇಳಿದು, ಮೂರನೆಯ ಬಸ್ಸಿನಲ್ಲಿ ನಿಂತುಕೊಂಡು ಹುಕ್ಕೇರಿ ಮುಟ್ಟುತ್ತಿದ್ದಳು. ಒಂದು ತಪ್ಪಿದರೆ ಮುಂದಿನ ಎರಡೂ ತಪ್ಪುತ್ತಿದ್ದವು. ಅಲ್ಲಿ ಉಪವಾಸ ಬಂದು ರಕ್ತ ಕೊಡಲು ಕೂತವರು ತೋಳು ಮಡಚಿಕೊಂಡು ಬಾಗಿಲು ನೋಡುತ್ತಿದ್ದರು. ಕೊನೆಗೆ ಡಾಕ್ಟರು ಹೇಳಿದರು, ಹೀಗೇ ತಡವಾದರೆ ದಸರಾ ಕಳೆದ ಮೇಲೆ ಈ ಕೆಲಸಕ್ಕೆ ಊರಲ್ಲೇ ಇರುವವರನ್ನು ಹುಡುಕಿಕೊಳ್ಳುತ್ತೇವೆ ಎಂದು.

ಪೂನಮ್ ಮನೆಗೆ ಬಂದು ಅತ್ತು ಕರೆಯಲಿಲ್ಲ. ಊಟಕ್ಕೆ ಬಡಿಸುತ್ತ ಹೇಳಿದಳು: "ಮಾವಾರ, ನಿಮ್ಮ ಗಾಡಿ ಬರೂದರಾಗ ನನ್ನ ನೌಕರಿ ಹೋಗತೈತಿ ನೋಡ್ರಿ."

ಶಿದ್ಲಿಂಗಪ್ಪ ರೊಟ್ಟಿ ಮುರಿಯುವುದರಲ್ಲಿ ಮಗ್ನನಾದ. ಅತ್ತ ಹುಕ್ಕೇರಿಯಿಂದ ರಾಯಪ್ಪ ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಫೋನು ಮಾಡುತ್ತಿದ್ದ. ಹೆಸರು ಕಂಡಕೂಡಲೇ ಶಿದ್ಲಿಂಗಪ್ಪ ಗಿರಣಿಯ ಮೋಟಾರು ಚಾಲು ಮಾಡಿ, "ಕೇಳವಲ್ಲದ್ರಿ ಬೀಗರ, ಬೀಸಾಕತ್ತೇನಿ" ಎಂದು ಇಟ್ಟುಬಿಡುತ್ತಿದ್ದ. ಕಾಳಿಲ್ಲದೆ ಕಲ್ಲು ತಿರುಗಿ ತಿರುಗಿ ಸವೆದವು. ಬೀಗರ ಮನೆಗೆ ಹಬ್ಬಕ್ಕೆ ಹೋಗುವ ಮಾತನ್ನಂತೂ ಅವನು ಎತ್ತಲೇ ಇಲ್ಲ.

ಅಷ್ಟರಲ್ಲಿ ಗೋಕಾಕ ಬೆಳೆಯತೊಡಗಿತು. ಅಂದರೆ, ಬೆಳೆಯುತ್ತಿದೆ ಎಂದು ಸರಕಾರಕ್ಕೆ ಗೊತ್ತಾಯಿತು. ಊರಿನ ಸುತ್ತಲಿನ ಕಬ್ಬಿನ ಹೊಲಗಳಲ್ಲಿ ಕಬ್ಬಿನ ಬದಲು ಸೈಟಿನ ಕಲ್ಲುಗಳು ಏಳುತ್ತಿದ್ದವು. ಪೇಟೆಯಲ್ಲಿ ಒಂದು ಟ್ರ್ಯಾಕ್ಟರು ತಿರುಗಿಸಬೇಕಾದರೆ ಇಡೀ ಬೀದಿ ಉಸಿರು ಹಿಡಿದು ನಿಲ್ಲುತ್ತಿತ್ತು. ಹೀಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವ 'ಸಮಗ್ರ ನಗರಾಭಿವೃದ್ಧಿ ಮತ್ತು ಸಾರಿಗೆ ಯೋಜನೆ' ಸಿದ್ಧವಾಗತೊಡಗಿತು. ಅದರ ಬಣ್ಣದ ಚಿತ್ರ ಪೇಪರಿನಲ್ಲಿ ಬಂತು. ಹೊಸ ಬಸ್ ನಿಲ್ದಾಣದ ಗೋಡೆಗಳಲ್ಲಿ ಎಲೆಅಡಿಕೆಯ ಒಂದೂ ಕೆಂಪು ಕಲೆ ಇರಲಿಲ್ಲ. ಪ್ರಯಾಣಿಕರೆಲ್ಲ ಕೋಟು ಹಾಕಿಕೊಂಡಿದ್ದರು. ಒಬ್ಬ ಹೆಣ್ಣುಮಗಳು ಬಿಳಿ ನಾಯಿಯೊಂದನ್ನು ತಿರುಗಾಡಿಸುತ್ತಿದ್ದಳು. ಚೀಲ ಹೊತ್ತವರು ಒಬ್ಬರೂ ಇರಲಿಲ್ಲ. ಶಿದ್ಲಿಂಗಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿ, "ಇವರೆಲ್ಲ ಹಿಟ್ಟ ಎಲ್ಲಿ ಬೀಸಸ್ತಾರೋ ಏನೋ" ಎಂದ.

ಆದರೆ ಚಿತ್ರದ ಕೆಳಗಿನ ಸುದ್ದಿ ಅವನಿಗೆ ಅಮೃತದಂತಿತ್ತು. ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂದು ಊರೂರಿನಲ್ಲಿ ಕೇಳಿ, ಎಲ್ಲಿಗೆ ಹೆಚ್ಚು ಹೋಗುತ್ತಾರೋ ಅಲ್ಲಿಗೆ ನೇರ ಬಸ್ಸು ಬಿಡುತ್ತಾರಂತೆ. ಕಲ್ಲೋಳಿಯಿಂದ ಹುಕ್ಕೇರಿ ಕಡೆಗೆ ಹೋಗುವವರು ಪೂನಮ್ ಒಬ್ಬಳೇ ಅಲ್ಲ. ಕಾಲೇಜಿನವರು, ಕೋರ್ಟಿಗೆ ಅಲೆಯುವವರು, ಧುಪದಾಳದ ಒಡ್ಡಿನ ಕಡೆ ಕೆಲಸಕ್ಕೆ ಹೋಗುವವರು ಬೇಕಾದಷ್ಟು. ಇನ್ನು ಬಸ್ಸು ಬಂದಹಾಗೆಯೇ ಎಂದು ಶಿದ್ಲಿಂಗಪ್ಪ ಸಮೀಕ್ಷೆಯವರಿಗೆ ಗಿರಣಿಯ ನೆರಳು, ಎರಡು ಕುರ್ಚಿ, ಚಹ ಎಲ್ಲ ತಾನೇ ಒಪ್ಪಿಸಿದ.

ಬಂದವನು ಸುಶಾಂತ ಎಂಬ ಕೊಣ್ಣೂರಿನ ಹುಡುಗ. ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಟ್ಯಾಬ್. ಮೊದಲು ಸಿಕ್ಕವಳು ಉದ್ದವ್ವ. ಎಪ್ಪತ್ತರ ಮುದುಕಿ, ಗೋಕಾಕಕ್ಕೆ ಮೊಮ್ಮಗಳ ಸೀಮಂತಕ್ಕೆ ಹೊರಟಿದ್ದಳು. ಬಗಲಲ್ಲಿ ಚೀಲ, ಚೀಲದಲ್ಲಿ ಹೊಸ ಸೀರೆ.

ಸುಶಾಂತ ಟ್ಯಾಬ್ ನೋಡಿ ಓದಿದ: "ತಾವು ಎಲ್ಲಿಗೆ ಹೋಗುತ್ತಿದ್ದೀರಿ?"

ನೆರಳಿನಲ್ಲಿದ್ದವರೆಲ್ಲ ಹುಡುಗನ ಕಡೆ ತಿರುಗಿದರು. ನಮ್ಮ ಕಡೆ ಹೊರಟು ನಿಂತವರನ್ನು ಹಗೆಯೂ 'ಎಲ್ಲಿಗೆ' ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತು. 'ದೂರ ಹೊಂಟ್ರೇನ್ರಿ?' ಎಂದು ಕೇಳಬೇಕು. 'ಹೂನ್ರಿ, ಇಲ್ಲೇ' ಎಂದು ಹೇಳಬೇಕು. ದೂರವೋ ಇಲ್ಲೆಯೋ ಯಾರಿಗೂ ತಿಳಿಯುವುದಿಲ್ಲ, ಆದರೂ ಇಬ್ಬರಿಗೂ ಸಮಾಧಾನವಾಗುತ್ತದೆ. ವೈಜ್ಞಾನಿಕ ಮನೋಭಾವದ ಬಗ್ಗೆ ಭಾಷಣ ಬಿಗಿಯುವ ನಮ್ಮಂಥವರು ಕೂಡ, ಯಾರಾದರೂ 'ಎಲ್ಲಿಗೆ' ಎಂದರೆ ಒಳಗೆ ಹೋಗಿ ಒಂದು ಗುಟುಕು ನೀರು ಕುಡಿದೇ ಮತ್ತೆ ಚಪ್ಪಲಿ ಮೆಟ್ಟುವುದು.

ಉದ್ದವ್ವ ಒಂದು ಮಾತೂ ಆಡದೆ ತಿರುಗಿ ಮನೆಗೆ ಹೋದಳು. ಕೂತು, ನೀರು ಕುಡಿದು, ಮತ್ತೆ ಬಂದಳು. ಸುಶಾಂತನ ಟ್ಯಾಬಿನಲ್ಲಿ ಅವಳ ಪ್ರಶ್ನೆ ಬಾಕಿ ಉಳಿದಿತ್ತು. "ತಾವು ಎಲ್ಲಿಗೆ ಹೋಗುತ್ತಿದ್ದೀರಿ?" ಎಂದು ಮತ್ತೆ ಓದಿದ. ಅವಳು ಮತ್ತೆ ತಿರುಗಿದಳು. ಮೂರನೆಯ ಸಲ ಬರುವಷ್ಟರಲ್ಲಿ ಗೋಕಾಕ ಬಸ್ಸು ಹೋಗಿತ್ತು.

ಈಗ ಅವಳಿಗೆ ಬಾಯಿ ಬಂತು. "ಯಾವ ಊರ ಹುಡುಗೋ ನೀ? ನಿಮ್ಮವ್ವ ಹೊಂಟಾಗೂ ಹಿಂಗ ಅಡ್ಡ ಬಾಯಿ ಹಾಕ್ತೀಯೇನು?"

"ನಮ್ಮವ್ವನೂ ಹಿಂಗ ತಿರಗತಾಳ ಅಜ್ಜಿ," ಸುಶಾಂತ ಅಳುಮೋರೆ ಮಾಡಿದ. "ನನಗ ಗೊತ್ತಿಲ್ಲೇನು? ಆದ್ರ ಇದರಾಗ ಹೆಂಗ ಐತಿ ಹಂಗ ಓದಬೇಕು. ದನಿ ರೆಕಾರ್ಡ್ ಆಗತೈತಿ. ಊರ ಹೆಸರ ಹಾಕದ ಇದು ಮುಂದ ಹೋಗಾಂಗಿಲ್ಲ."

ಗಲಾಟೆ ಹತ್ತಿತು. ಒಬ್ಬರು ಹುಡುಗನನ್ನು ಓಡಿಸಬೇಕು ಅಂದರು, ಇನ್ನೊಬ್ಬರು ಟ್ಯಾಬಿಗೆ ನಿಂಬೆಹಣ್ಣು ಇಳಿಸಬೇಕು ಅಂದರು. ಸಮೀಕ್ಷೆ ನಿಂತರೆ ಬಸ್ಸು ನಿಂತಂತೆ. ಶಿದ್ಲಿಂಗಪ್ಪ ಹಿಟ್ಟು ಕೊಡವಿಕೊಂಡು ಹೊರಬಂದು, ಕಂಟ್ರೋಲರನ ಗತ್ತಿನಲ್ಲಿ ತೀರ್ಪು ಕೊಟ್ಟ.

"ಅವ ಕೇಳ್ಲಿ ಬಿಡ್ರಿ, ಅವನ ಹೊಟ್ಟಿಪಾಡು. ನೀವು 'ಇಲ್ಲೇ' ಅನ್ರಿ. ಊರ ಹೆಸರ ಬಾಯಾಗ ಬರಲಿಲ್ಲಂದ್ರ ಶಕುನ ತಟ್ಟಾಂಗಿಲ್ಲ. ಅವಂದೂ ಆತು, ನಿಮ್ಮದೂ ಆತು."

ಎಲ್ಲರಿಗೂ ಒಪ್ಪಿಗೆಯಾಯಿತು. ಸುಶಾಂತ ಓದುವುದು, ಜನ 'ಇಲ್ಲೇ' ಅನ್ನುವುದು, ಅವನು ಬೇರೆ ದಾರಿ ಕಾಣದೆ 'ಕಲ್ಲೋಳಿ' ಎಂದು ಒತ್ತುವುದು. ಕೆಲಸ ನೀರು ಹರಿದಂತೆ ಸಾಗಿತು. ಮರುದಿನ ನಸುಕಿನಲ್ಲಿ ಪೂನಮ್ ಬಂದಳು. ಪ್ರಶ್ನೆ ಕೇಳಿ ಅವಳು, "ಹು..." ಎಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಮಾವ ಕೂಗಿದ: "ಇಲ್ಲೇ ಅನ್ನು, ಯವ್ವಾ. ಮುಂಜಾನೆದ್ದು ಮಂದಿಗೆ ಸೂಜಿ ಚುಚ್ಚೂ ಕೈ, ಅಪಶಕುನ ಬ್ಯಾಡ."

ಪೂನಮ್ ಅವನನ್ನು ಒಮ್ಮೆ ನೋಡಿದಳು. ಅಷ್ಟರಲ್ಲಿ ಬಸ್ಸು ಬಂತು. ಮಾವನೊಂದಿಗೆ ಶಕುನದ ಚರ್ಚೆ ಮಾಡುವುದೋ ಬಸ್ಸು ಹಿಡಿಯುವುದೋ ಎಂಬಲ್ಲಿ ಅವಳು ಬಸ್ಸನ್ನೇ ಆರಿಸಿಕೊಂಡಳು. "ಇಲ್ಲೇ" ಎಂದು ಹತ್ತಿದಳು. ಸುಶಾಂತ ಒತ್ತಿದ.

ಯೋಜನೆಯ ಕರಡು ಹೊರಬಿದ್ದಾಗ ಆಕಾಶವೇ ಕೆಳಗಿಳಿದಂತಾಯಿತು. ಕಲ್ಲೋಳಿಯ ಜನರೆಲ್ಲರೂ ಕಲ್ಲೋಳಿಯಿಂದ ಕಲ್ಲೋಳಿಗೇ ಪ್ರಯಾಣ ಮಾಡುತ್ತಾರೆ, ಇಂಥ ಊರು ಮೂರು ತಾಲೂಕಿನಲ್ಲೇ ಇನ್ನೊಂದಿಲ್ಲ ಎಂದು ಅದರಲ್ಲಿ ಬರೆದಿತ್ತು. ಅದಕ್ಕಾಗಿ ಪ್ರಾಯೋಗಿಕವಾಗಿ ಒಂದು 'ವರ್ತುಲ ಸಾರಿಗೆ', ಅಂದರೆ ಹೊರಟಲ್ಲಿಗೇ ಸುತ್ತಿ ಬರುವ ಬಸ್ಸು. ಹುಕ್ಕೇರಿಗೆ ನೇರ ಬಸ್ಸು ಅನಗತ್ಯ. ಕಲ್ಲೋಳಿಯಿಂದ ಅಲ್ಲಿಗೆ ಹೋಗುವವರು ಒಬ್ಬರೂ ಇಲ್ಲ.

ಪೂನಮ್ ಪೇಪರು ಮಡಚಿಟ್ಟು ಕೇಳಿದಳು: "ಮಾವಾರ, ಒಬ್ಬರೂ ಇಲ್ಲಂತ. ಹಂಗಾದ್ರ ನಾ ಯಾರು?"

"ಅಲ್ರೀ, ದಿನಾ ನಸುಕಿನ್ಯಾಗ ಎದ್ದು ಡಬ್ಬಿ ಕಟ್ಟತೇನಲ್ಲ," ಶಿದ್ಲಿಂಗಪ್ಪನ ಹೆಂಡತಿ ಶಂಕ್ರವ್ವ ಒಲೆಯ ಮುಂದಿನಿಂದ ಸೇರಿಸಿದಳು, "ಅದನ್ನ ಯಾರ ಉಣ್ಣಾಕತ್ತಾರಂತ ಪೇಪರ್‌ದಾಗ ಬರದಿಲ್ಲೇನು?"

ವರ್ತುಲ ಸಾರಿಗೆ ಮಾತ್ರ ಸರಕಾರಿ ಕೆಲಸಕ್ಕೆ ಅವಮಾನವಾಗುವಷ್ಟು ಬೇಗ ಬಂತು. ಬಾಳೆಕಂದು ಕಟ್ಟಿದ ಸಣ್ಣ ಬಸ್ಸು, ಗಿರಣಿಯಿಂದ ಹೊರಟು ಸಾಲೆ, ಸಂತೆ ಬಯಲು, ನೀರಿನ ಟಾಕಿ ಸುತ್ತಿ ಗಿರಣಿಗೇ ಬರುತ್ತಿತ್ತು. ಎರಡು ದಿನ ಮಕ್ಕಳು ಕೂತು ಕುಣಿದವು. ಶಂಕ್ರವ್ವ ತಂಗಿಯ ಮನೆಗೆ ಕೊಡಬೇಕಾದ ಬೋಗುಣಿ ಹಿಡಿದು ಹತ್ತಿದಳು. ಸಂತೆ ಬಯಲಿನಲ್ಲಿ ಎಮ್ಮೆಗಳು ಅಡ್ಡ ಮಲಗಿದ್ದವು. ಅವು ಏಳುವ ಹೊತ್ತಿಗೆ ತಂಗಿಯೇ ನಡೆದು ಬಂದು ಕಿಟಕಿಯಲ್ಲಿ ಬೋಗುಣಿ ಇಸಿದುಕೊಂಡು ಹೋದಳು. ಆಮೇಲೆ ಡ್ರೈವರ್ ಒಬ್ಬನೇ ತಿರುಗಿದ. ಇತ್ತ ದಸರಾ ಹತ್ತಿರ ಬರುತ್ತಿತ್ತು.

ಶಿದ್ಲಿಂಗಪ್ಪ ಗಿರಣಿಗೆ ಬೀಗ ಹಾಕಿ ಗೋಕಾಕದ ಆಕ್ಷೇಪಣೆ ಸಭೆಗೆ ಹೋದ. ದೊಡ್ಡ ಹಾಲು, ಗೋಡೆಯ ತುಂಬ ನಕ್ಷೆ. ಮುಂದೆ ಕೂತಿದ್ದ ಯೋಜನಾಧಿಕಾರಿ ಸುಮನ್ ಮೇಡಂ ಒಬ್ಬೊಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿ, ತಾಳ್ಮೆಯಿಂದಲೇ ತಳ್ಳಿಹಾಕುತ್ತಿದ್ದರು. ಇವನ ಸರದಿ ಬಂತು.

"ಮೇಡಂ, ನಮ್ಮೂರಿಂದ ಹುಕ್ಕೇರಿ ಕಡೆ ಭಾಳ ಮಂದಿ ಹೋಗ್ತಾರ್ರಿ. ನಿಮ್ಮ ವರದಿ ತಪ್ಪೈತಿ."

"ವರದಿ ನಾವು ಹೇಳಿದ್ದಲ್ಲರಿ ಯಜಮಾನರ. ನಿಮ್ಮೂರವರ ಬಾಯಿಂದನ ಬಂದದ್ದು. ರೆಕಾರ್ಡ್ ಐತಿ, ಕೇಳ್ತೀರೇನು?"

ಕೇಳುತ್ತೇನೆ ಎಂದ, ಸೊಕ್ಕಿನಿಂದ. ಮೇಡಂ ಯಾವುದೋ ಒಂದನ್ನು ಒತ್ತಿದರು. ಧ್ವನಿವರ್ಧಕದಲ್ಲಿ ಮೊದಲು ಮೋಟಾರಿನ ಗುರುಗುರು, ಆಮೇಲೆ ಸುಶಾಂತನ ಪ್ರಶ್ನೆ, ಆಮೇಲೆ ಒಂದು ಹೆಣ್ಣುದನಿ "ಹು..." ಅನ್ನುವುದು, ಅದರ ಮೇಲೆ ಬಿದ್ದು ಒಂದು ಗಂಡುದನಿ: "ಇಲ್ಲೇ ಅನ್ನು, ಯವ್ವಾ."

ಹಾಲು ನಕ್ಕಿತು. ಮೇಡಂ ಕೇಳಿದರು: "ಇದು ಯಾರ ದನಿರಿ?"

ಸುಳ್ಳು ಹೇಳಬಹುದಿತ್ತು. ಆದರೆ ಅದೇ ದನಿಯಲ್ಲಿ ಮಾತಾಡುತ್ತ ಅದು ತನ್ನದಲ್ಲ ಎನ್ನುವುದು ಹೇಗೆ? "ನಂದ ಐತ್ರಿ," ಎಂದ ಶಿದ್ಲಿಂಗಪ್ಪ. "ಆಕಿ ನಮ್ಮ ಸೊಸಿ. ಹುಕ್ಕೇರಿ ಅನ್ನಾಕತ್ತಿದ್ಲು, ನಾನ ಬಾಯಿ ಮುಚ್ಚಿಸಿದೆ. ಊರ ಮಂದಿಗೂ ನಾನ ಕಲಿಸಿದೆ. ಹೊಂಟಾವರಿಗೆ ಹಂಗ ಕೇಳಬಾರದ್ರಿ, ಅದಕ್ಕ. ನಿಮ್ಮ ಗಾಡಿ ಬರಲಿಲ್ಲಂದ್ರ ದಸರಾ ಆದಮ್ಯಾಲ ಆಕಿ ನೌಕರಿ ಹೋಗತೈತ್ರಿ. ತಪ್ಪ ನಂದು, ಶಿಕ್ಷಾ ಆಕಿಗೆ ಯಾಕ್ರಿ?"

ನಗು ನಿಂತಿತು. ಸುಮನ್ ಮೇಡಂ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿಕೊಂಡರು.

"ನೋಡ್ರಿ, ಸಮೀಕ್ಷೆ ಮತ್ತ ಮಾಡಬೇಕಂದ್ರ ಹೊಸಾ ಟೆಂಡರ್ ಕರೀಬೇಕು. ನಿಮ್ಮ ಸೊಸಿ ರಿಟೈರ್ ಆಗೂ ಹೊತ್ತಿಗೆ ಮುಗಿಬಹುದು." ವರದಿಯ ಪುಟ ತಿರುವಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. "ಆದ್ರ ಇಲ್ಲಿ 'ಕಲ್ಲೋಳಿಯಿಂದ ಹೊರಟು ಕಲ್ಲೋಳಿಗೆ ಬರುವ ವರ್ತುಲ' ಅಂತ ಮಂಜೂರ ಆಗೇತಿ. ವರ್ತುಲ ಎಷ್ಟ ದೊಡ್ಡದಿರಬೇಕು ಅಂತ ಯಾರೂ ಬರದಿಲ್ಲ. ಹುಕ್ಕೇರಿ ಮ್ಯಾಲ ಹಾದು ಬಂದ್ರೂ ಅದು ವರ್ತುಲನ."

ಒಂದು ಅಕ್ಷರ ತಿದ್ದದೆ ಕೆಲಸವಾಯಿತು. ವರದಿಯ ಮಾನ ಉಳಿಯಿತು. ದಸರೆಗೆ ಇನ್ನೂ ಕೆಲವು ದಿನ ಇರುವಾಗಲೇ ಗಿರಣಿಯ ಮುಂದೆ ದೊಡ್ಡ ಬಸ್ಸು ಬಂದು ನಿಂತಿತು. ಬೋರ್ಡಿನಲ್ಲಿ 'ಕಲ್ಲೋಳಿ – ಕಲ್ಲೋಳಿ' ಎಂದು ಬರೆದಿತ್ತು. ಗೋಕಾಕ ನಿಲ್ದಾಣದಲ್ಲಿ ಜನ ಅದನ್ನು ಓದಿ, ಡ್ರೈವರನ ಮುಖ ನೋಡಿ, ಕನಿಕರಪಟ್ಟು ಬೇರೆ ಬಸ್ಸು ಹತ್ತುತ್ತಿದ್ದರು. ಹೀಗಾಗಿ ಪೂನಮ್‌ಗೆ ದಿನಾ ಕಿಟಕಿಯ ಸೀಟು. ಗೋಕಾಕ, ಧುಪದಾಳ, ಘಟಪ್ರಭಾ ದಾಟಿ ನೇರ ಹುಕ್ಕೇರಿ. ಉಪವಾಸ ಬಂದವರಿಗಿಂತ ಮೊದಲೇ ಅವಳು ಹೋಗಿ ಕೂತಿರುತ್ತಿದ್ದಳು. ಡಾಕ್ಟರು ದಸರೆಯ ಮಾತು ಮರೆತರು.

ವಾರ ಕಳೆದ ಮೇಲೆ ಶಿದ್ಲಿಂಗಪ್ಪ ಗಿರಣಿ ಮುಚ್ಚಿ, ಇಸ್ತ್ರಿ ಮಾಡಿದ ಧೋತರ ಉಟ್ಟು, ಸೊಸೆಯ ಪಕ್ಕ ಕೂತು ಬೀಗರ ಊರಿಗೆ ಹೋದ. ರಾಯಪ್ಪ ಹೋಳಿಗೆ ಮಾಡಿಸಿದ್ದ. "ಕಡೀಕೂ ತಂದ್ರಿ ಬಿಡ್ರಿ ಬೀಗರ ಗಾಡೀನ," ಎಂದ. ಶಿದ್ಲಿಂಗಪ್ಪ, ತನ್ನದೇನೂ ಇಲ್ಲ ಎಂಬಂತೆ, ಎಲ್ಲವೂ ತನ್ನದೇ ಎಂದು ತಿಳಿಯುವ ಹಾಗೆ ಕೈ ಆಡಿಸಿದ. ಉಂಡು ಒಂದು ನಿದ್ದೆ ತೆಗೆದು, ಸಂಜೆ ದವಾಖಾನೆಯ ಮುಂದೆ ಹೋಗಿ ಸೊಸೆಗೆ ಹೇಳಿದ: "ನಡಿ ಯವ್ವಾ, ನಮ್ಮ ಗಾಡಿ ಎಲ್ಲಿ ನಿಂದರತೈತಿ?"

"ನಮ್ಮ ಗಾಡಿ ಮಧ್ಯಾಹ್ನದಾಗನ ಕಲ್ಲೋಳಿ ಸೇರೇತ್ರಿ ಮಾವಾರ."

"ಅಂದ್ರ?"

"ಅದು ವರ್ತುಲ ಅಲ್ರಿ? ಹೋದ ದಾರಿಲೆ ತಿರುಗಿ ಬಂದ್ರ ವರ್ತುಲ ಆಗಾಂಗಿಲ್ಲಂತ. ಇಲ್ಲಿಂದ ರಾಯಬಾಗದ ಕಡೆ ಹೋಗಿ, ಮೂಡಲಗಿ ಹಾದು ಊರು ಮುಟ್ಟತೈತಿ. ದಿನಕ್ಕ ಒಂದ ಸುತ್ತು. ಸಂಜೀಕ ನಾ ಮೊದಲಿನಂಗ ಮೂರ ಗಾಡಿ."

ಇದನ್ನು ಅವಳು ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಶಿದ್ಲಿಂಗಪ್ಪನೂ ಕೇಳಿರಲಿಲ್ಲ, ಸೊಸೆ ಬರುವ ಹೊತ್ತಿಗೆ ಅವನು ಗಿರಣಿಯಲ್ಲಿ ಬಸ್ಸು ತಂದ ಕಥೆ ಹೇಳುತ್ತಿರುತ್ತಿದ್ದ.

ಘಟಪ್ರಭಾದಲ್ಲಿ ಗೋಕಾಕ ಬಸ್ಸು ನಿಲ್ಲುವ ಮೊದಲೇ ಜನ ಅದಕ್ಕೆ ಇರುವೆಗಳಂತೆ ಮುತ್ತಿದರು. ಶಿದ್ಲಿಂಗಪ್ಪ ಧೋತರದ ಚುಂಗು ಹಿಡಿದುಕೊಂಡು, ದಾರಿ ಬಿಟ್ಟಾರೆಂದು ಕಾಯುತ್ತ ನಿಂತ. ಯಾರೂ ಬಿಡಲಿಲ್ಲ. ಪೂನಮ್ ಮಾತ್ರ ಓಡುವ ಬಸ್ಸಿನ ಜೊತೆಗೇ ಓಡಿ, ಕಿಟಕಿಯಿಂದ ತನ್ನ ಡಬ್ಬಿಯ ಚೀಲವನ್ನು ಸೀಟಿನ ಮೇಲೆ ಎಸೆದಳು. ಮತ್ತೆ ಬಂದು ಮಾವನ ರಟ್ಟೆ ಹಿಡಿದು ಜನರ ನಡುವೆ ಎಳೆದುಕೊಂಡು ಹೋಗಿ ಅಲ್ಲಿ ಕೂರಿಸಿದಳು. ಅವನ ಒಂದು ಚಪ್ಪಲಿ ಮೆಟ್ಟಿಲ ಮೇಲೇ ಉಳಿದಿತ್ತು, ಯಾರೋ ಪುಣ್ಯಾತ್ಮರು ಒಳಗೆ ತೂರಿದರು.

"ನೀ ಕುಂದ್ರು ಯವ್ವಾ. ಇಡೀ ದಿನ ದುಡದೀದಿ."

"ನೀವ ಕುಂದರ್ರಿ, ಮಾವಾರ. ನಿಮಗ ನಿಂದರಾಕ ಬರಾಂಗಿಲ್ಲ."

ಅದು ಖರೆಯಾಗಿತ್ತು. ಮೊದಲ ತಿರುವಿನಲ್ಲೇ ಅವನು ಕೂತಲ್ಲಿಂದಲೇ ಬೀಳುವುದರಲ್ಲಿದ್ದ. ಅವಳು ಕಂಬಿಗೆ ಭುಜ ಆನಿಸಿ, ಮೊಬೈಲ್ ನೋಡುತ್ತ, ಗೋಡೆಗೆ ಹೊಡೆದ ಗೂಟದಂತೆ ನಿಂತಿದ್ದಳು. ಶಿದ್ಲಿಂಗಪ್ಪ ಅವಳ ಕಾಲನ್ನು ನೋಡಿದ, ಕಿಟಕಿಯ ಹೊರಗೆ ನೋಡಿದ, ಮತ್ತೆ ಅವಳ ಕಾಲನ್ನು ನೋಡಿದ.

"ನಾಳಿ ಗಿರಣಿ ಬಂದ್ ಇಡ್ತೇನಿ," ಎಂದ ಕೊನೆಗೆ. "ಮೇಡಂ ಕಡೆ ಹೋಗತೇನಿ. ಅರ್ಧಾ ಗಾಡಿ ಇಸ್ಕೊಂಡ ಬಂದು ಮೆರದಾಡಿದೆ. ಸಂಜೀದೂ ಕೇಳಬೇಕಲ್ಲ?"

ಪೂನಮ್ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

"ನಾಳಿ ಬ್ಯಾಡ್ರಿ ಮಾವಾರ, ನಾಡದು ಹೋಗ್ರಿ. ಮನ್ಯಾಗ ಜ್ವಾಳದ ಹಿಟ್ಟ ಮುಗದು ಎರಡ ದಿನ ಆತು. ಅತ್ತಿಯಾರು ಬಾಜೂ ಮನ್ಯಾಗ ಕಡಾ ತಂದಾರ. ಮೊದಲ ನಮ್ಮದೊಂದ ಡಬ್ಬಿ ಜ್ವಾಳ ಬೀಸಿ ಕೊಡ್ರಿ."